ರೇಸ್ ಪೆಟ್ರೋಲ್ ಇಳಿಸಿಕೊಳ್ಳುವ ಕನಕರಾಜ್

ಭಾನುವಾರ, ಬೆಳಗಿನ ಐದೂವರೆ. ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿಗೆ ಹೋಗುವ ರಸ್ತೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಆಗಲೇ ದೀಪ ಉರಿಯುತ್ತಿದೆ. ಬಾನೆಟ್ ಎತ್ತಿದ ಹಳೆಯ ಕಾರೊಂದರ ಮೇಲೆ ಬಾಗಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ನಿಂತಿದ್ದಾರೆ ಕನಕರಾಜ್. ವೈದ್ಯರು ಎದೆ ಬಡಿತ ಕೇಳುವ ಹಾಗೆಯೇ. ವಯಸ್ಸು ನಲವತ್ತೇಳು. ಹೊರಗೆ ಮಂಜು, ಒಳಗೆ ಮೂಗು ಉರಿಸುವ ವಾಸನೆ.

ಕಾರಿನ ಒಡೆಯ ನರೇಂದ್ರ ಬೆಂಗಳೂರಿನವರು. ದೂರದ ಮೈದಾನವೊಂದರಲ್ಲಿ ಸಂಜೆ ಸ್ಪರ್ಧೆಯಿದೆ. ಇಲ್ಲಿಂದಲೇ ರೇಸ್ ಪೆಟ್ರೋಲ್ ತುಂಬಿಸಿಕೊಂಡು ಹೊರಡಬೇಕೆಂಬುದು ಅವರ ಹಟ.

"ಆಗಲ್ಲ ನರೇಂದ್ರಣ್ಣ. ರೋಡಿಗೆ ಬಂಕಿಂದೇ ಹಾಕ್ಕೊಂಡು ಹೋಗಿ."

"ಅಲ್ಲಿ ಹೋದ್ಮೇಲೆ ಟೈಮಿಂಗ್ ಯಾರು ತಿರುಗಿಸ್ತಾರೆ? ನಿಮ್ಮ ತಾತನಾ?"

"ನಾನೇ ಬರ್ತೀನಿ. ಒಂಬತ್ತು ಗಂಟೆ ಬಸ್ಸಿದೆ."

ನರೇಂದ್ರ ತಲೆ ಚಚ್ಚಿಕೊಳ್ಳುತ್ತಾರೆ. ಆದರೂ ಕನಕರಾಜ್ ಬಿಡುವುದಿಲ್ಲ. ನರೇಂದ್ರರ ಬೆರಳು ಹಿಡಿದು ಇಂಜಿನ್ನಿನ ಪಕ್ಕದ, ಕಿಡಿ ಬೀಳುವ ಹೊತ್ತನ್ನು ನಿಗದಿಮಾಡುವ ಡಿಸ್ಟ್ರಿಬ್ಯೂಟರಿನ ಮೇಲೆ ಇಡಿಸುತ್ತಾರೆ. ಅಲ್ಲಿ ಎರಡು ಬಣ್ಣದ ಗೀಟುಗಳಿವೆ. ಕೆಂಪು ರೇಸ್ ಪೆಟ್ರೋಲಿಗೆ, ಬಿಳಿ ಬಂಕಿನ ಪೆಟ್ರೋಲಿಗೆ.

"ಯಾವ್ದರ ಮೇಲಿದೆ, ಬಾಯ್ಬಿಟ್ಟು ಹೇಳಿ."

"ಬಿಳೀದು ಮಾರಾಯಾ, ಬಿಳೀದು! ಹೆಬ್ಬೆಟ್ಟೂ ಒತ್ತಬೇಕಾ?"

ಈ ಶೆಡ್ಡಿನಿಂದ ಯಾವ ಕಾರೂ ಹೀಗೆ ಬೆರಳಿಡಿಸದೆ ಹೊರಗೆ ಹೋಗುವುದಿಲ್ಲ. ಟ್ಯಾಂಕಿನಲ್ಲಿ ರೇಸ್ ಪೆಟ್ರೋಲ್ ಉಳಿದಿದ್ದರೆ ಪೈಪು ಹಾಕಿ ಕ್ಯಾನಿಗೆ ಇಳಿಸಿಕೊಳ್ಳುತ್ತಾರೆ. ಮೂರು ಲೀಟರಿರಲಿ, ಮುಕ್ಕಾಲು ಲೀಟರಿರಲಿ, ಕ್ಯಾನಿನ ಮೇಲೆ ಒಡೆಯರ ಹೆಸರು ಬರೆದಿಡುತ್ತಾರೆ. ವಾರಕ್ಕೆ ನಾಲ್ಕೈದು ಕಾರು, ಒಂದೊಂದಕ್ಕೂ ಇದರದ್ದೇ ನಲವತ್ತು ನಿಮಿಷ. ಬೇಸತ್ತು ಬೇರೆ ಕಡೆ ಹೋದವರು ಬಹಳ ಮಂದಿ. ಉಳಿದವರು 'ಬೆರಳಚ್ಚು ಕನಕ' ಎಂದು ಅಡ್ಡಹೆಸರಿಟ್ಟಿದ್ದಾರೆ.

ಈ ಪೆಟ್ರೋಲಿನ ವಿಶೇಷವೇನು ಎಂದು, ಪತ್ರಿಕೆಗೆ ಬರೆಯಲು ಬಂದ ನಾನು ಕೇಳಿದರೆ, ಕನಕರಾಜ್ ಎಣ್ಣೆಗೈ ಒರೆಸಿಕೊಂಡು ಪಾಠಕ್ಕೆ ಕೂರುತ್ತಾರೆ. "ಆಕ್ಟೇನ್ ಅಂದ್ರೆ ಪೆಟ್ರೋಲಿನ ತಾಳ್ಮೆ ಸಾರ್. ಎಷ್ಟು ಅದುಮಿದ್ರೂ ಕಿಡಿ ಬರೋ ತನಕ ಸುಮ್ನಿರುತ್ತೆ ರೇಸ್ ಪೆಟ್ರೋಲು. ಅದನ್ನ ನಂಬ್ಕೊಂಡು ನಾವು ಇಂಜಿನ್ ಬಿಗಿ ಮಾಡ್ತೀವಿ, ಕಿಡೀನ ಮುಂಚೇನೇ ಬೀಳಿಸ್ತೀವಿ. ಅದೇ ಗಾಡಿಗೆ ಬಂಕಿಂದು ಹಾಕಿದ್ರೆ ತಾನಾಗೇ ಹೊತ್ಕೊಳ್ಳುತ್ತೆ. ಒಳಗೆ ಕಟಕಟ ಅಂತ ಸುತ್ತಿಗೇಲಿ ಹೊಡ್ದಂಗೆ. ಪಿಸ್ಟನ್ ತೂತು." ರಸ್ತೆಯ ಕಾರನ್ನು ರೇಸಿಗೆ ತಿದ್ದುವವರು ಇದನ್ನು ಮರೆಯುವಂತಿಲ್ಲ. ಗೀಟು ಕೆಂಪಿನಲ್ಲೇ ಉಳಿದು ಟ್ಯಾಂಕಿಗೆ ಬಂಕಿನ ಪೆಟ್ರೋಲ್ ಬಿದ್ದರೆ ಇಂಜಿನ್ ಮುಗಿದ ಹಾಗೆ.

ಕನಕರಾಜ್ ಮಂಡಿಕಲ್ಲಿನವರು. ಎಸ್ಸೆಸ್ಸೆಲ್ಸಿ ದಾಟಲಿಲ್ಲ. ಹನ್ನೊಂದು ವರ್ಷ ಪಂಪ್‌ಸೆಟ್ಟು, ಟೆಂಪೊ ರಿಪೇರಿ ಮಾಡಿದರು. ಒಮ್ಮೆ ಯಾರೋ ಕೆಟ್ಟುನಿಂತ ರೇಸ್ ಕಾರನ್ನು ಎಳೆದು ತಂದಾಗ ಕಿವಿಯಿಂದಲೇ ರೋಗ ಹೇಳಿದರಂತೆ. ಅಲ್ಲಿಂದ ಈ ಕೆಲಸ ಅಂಟಿಕೊಂಡಿತು. ಎಂಟು ವರ್ಷ ಕಿರಿಯ ತಮ್ಮ ಮುನೇಶ್ ಜೊತೆಗೂಡಿದರು. ಅಣ್ಣ ಕಾರು ತಿದ್ದುವುದು, ತಮ್ಮ ಅದನ್ನು ಒಡೆಯರ ಮನೆಗೆ ಮುಟ್ಟಿಸುವುದು.

"ಅವನಂಥ ಮಂದ ಡ್ರೈವರ್ರು ಈ ಜಿಲ್ಲೇಲೇ ಇರಲಿಲ್ಲ ಸಾರ್. ಮುಂದೆ ಎಮ್ಮೆ ಹೋಗ್ತಿದ್ರೆ ಹಾರ್ನ್ ಹೊಡೀತಿರಲಿಲ್ಲ, ಹಿಂದೇನೇ ಹೋಗೋನು. 'ಇದು ರೇಸ್ ಕಾರು ಕಣೋ, ನಾಚ್ಕೆ ಆಗಲ್ವಾ' ಅಂದ್ರೆ, 'ಎಮ್ಮೆಗೂ ಅರ್ಜೆಂಟಿರುತ್ತೆ ಬಿಡಣ್ಣ' ಅನ್ನೋನು." ನಗುತ್ತಾ ಶುರು ಮಾಡಿದ ಮಾತು, ಕೊನೆಗೆ ಬರುವಷ್ಟರಲ್ಲಿ ದನಿ ಸಣ್ಣದಾಗುತ್ತದೆ.

ನಾಲ್ಕು ವರ್ಷದ ಹಿಂದೆ ಮುನೇಶ್ ಕಾರೊಂದನ್ನು ಚಿಂತಾಮಣಿಗೆ ಮುಟ್ಟಿಸಲು ಹೊರಟರು. ಶಿಡ್ಲಘಟ್ಟ ದಾಟಿದ ಮೇಲೆ, ಸಂಜೆ ಮಬ್ಬಿನಲ್ಲಿ, ಏರಿನ ನಡುವೆ ಕಾರು ಗಕ್ಕನೆ ನಿಂತಿತು. ಹಿಂದಿನಿಂದ ಬಂದ ಲಾರಿಗೆ ಬ್ರೇಕ್ ಹಾಕಲು ಸಮಯವಿರಲಿಲ್ಲ. ಕಾರಿನ ಅಗಲದ ಸೈಲೆನ್ಸರ್ ನೋಡಿ, ಟ್ಯಾಂಕಿನ ವಾಸನೆ ನೋಡಿ, ಸೇರಿದ ಜನ ಅಲ್ಲೇ ತೀರ್ಪು ಕೊಟ್ಟರು: ರೇಸ್ ಆಡಲು ಹೋಗಿ ಸತ್ತ. ಮಂಡಿಕಲ್ಲಿನಲ್ಲಿ ಇಂದಿಗೂ ಹುಡುಗರು ಬೈಕನ್ನು ಜೋರಾಗಿ ಓಡಿಸಿದರೆ "ಏಯ್, ಮುನೇಶನ ಥರ ಆಗ್ತೀಯ" ಎಂದು ಗದರುತ್ತಾರೆ. ಮುನೇಶರ ಹೆಂಡತಿ ಗೌತಮಿ ಅಂಗನವಾಡಿಯಲ್ಲಿ ಸಹಾಯಕಿ. ಆ ಮಾತು ಅವರ ಕಿವಿಗೆ ವಾರಕ್ಕೊಮ್ಮೆಯಾದರೂ ಬೀಳುತ್ತದೆ.

ಇಷ್ಟು ಹೇಳಿ ಕನಕರಾಜ್ ಎದ್ದು ಕ್ಯಾನುಗಳನ್ನು ಸುಮ್ಮನೆ ಆಚೀಚೆ ಜರುಗಿಸುತ್ತಾರೆ. ಆಮೇಲೆ ನನ್ನ ಕಡೆ ನೋಡದೆಯೇ ಉಳಿದದ್ದನ್ನು ಹೇಳುತ್ತಾರೆ.

ಅವತ್ತು ಶೆಡ್ಡಿನಲ್ಲಿ ಒಂದೇ ಥರದ ಎರಡು ಬಿಳಿ ಕಾರುಗಳಿದ್ದವು. ಒಂದು ಚಿಂತಾಮಣಿಯದು, ಇನ್ನೊಂದು ಮಾರನೆಯ ವಾರ ರೇಸಿಗೆ ಹೋಗಬೇಕಾದದ್ದು. ಎರಡೂ ಕೆಂಪು ಗೀಟಿನ ಮೇಲಿದ್ದವು. ಕನಕರಾಜ್ ಒಂದನ್ನು ಬಿಳಿ ಗೀಟಿಗೆ ತಿರುಗಿಸಿ, ಕೈ ತೊಳೆದುಕೊಂಡು, "ಬಿಳೀ ಗೀಟಿಗೆ ಇಳ್ಸಿದ್ದೀನಿ ಕಣಪ್ಪ, ತಗೊಂಡೋಗು" ಎಂದರು. ಮುನೇಶ್ ಅಣ್ಣನ ಮಾತಿನ ಮೇಲೆ ಬಾನೆಟ್ ಎತ್ತಿ ನೋಡುವವರಲ್ಲ. ಶಿಡ್ಲಘಟ್ಟದ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿಕೊಂಡು ಮುಂದೆ ಹೋದರು.

"ಹನ್ನೊಂದನೇ ದಿನದ ಕಾರ್ಯ ಮುಗ್ಸಿ ಕೂತಿದ್ದೆ. ಆ ಇನ್ನೊಂದು ಕಾರಿನವರು ಫೋನ್ ಮಾಡಿದ್ರು. 'ಕನಕಣ್ಣ, ಗಾಡಿ ಎಳೀತಾನೇ ಇಲ್ವಲ್ಲ, ಸತ್ತೋದಂಗಿದೆ' ಅಂದ್ರು. ಹೋಗಿ ಬಾನೆಟ್ ಎತ್ತಿದೆ. ಬಿಳೀ ಗೀಟು ಮೇಲಿತ್ತು ಸಾರ್. ನಾನು ಬಿಳೀದಕ್ಕೆ ಇಳ್ಸಿದ್ದು ಅದನ್ನ, ಚಿಂತಾಮಣಿ ಕಾರನ್ನಲ್ಲ."

ಆಗ ಅವರಿಗೆ ಇನ್ನೊಂದು ನೆನಪಾಯಿತು. ಜಜ್ಜಿಹೋದ ಕಾರನ್ನು ಎಳೆದು ತಂದಾಗ ಗೇರು ಟಾಪಿನಲ್ಲಿತ್ತು. ರೇಸ್ ಆಡುವವನು ಆ ಏರನ್ನು ಟಾಪ್ ಗೇರಿನಲ್ಲಿ ಹತ್ತುವುದಿಲ್ಲ. ಗೇರು ಇಳಿಸಿ, ಇಂಜಿನ್ ಕಿರುಚಿಸಿ ಹತ್ತುತ್ತಾನೆ. ಮುನೇಶ್ ಪೆಟ್ರೋಲ್ ಉಳಿಯಲೆಂದು ನಿಧಾನವಾಗಿ, ಟಾಪ್ ಗೇರಿನಲ್ಲೇ ಹತ್ತಿಸುತ್ತಿದ್ದರು. ಇಂಜಿನ್ನಿಗೆ ಅತಿ ಹೆಚ್ಚು ಪೆಟ್ಟು ಬೀಳುವುದು ಹಾಗೆ ಹತ್ತಿದಾಗಲೇ. ಸೈಲೆನ್ಸರಿನ ಸದ್ದಿನಲ್ಲಿ ಆ ಕಟಕಟ ಅವರಿಗೆ ಕೇಳಿಸಿರಲಾರದು.

ಇದನ್ನು ನಾಲ್ಕು ವರ್ಷದಲ್ಲಿ ಯಾರಿಗೂ ಹೇಳಿಲ್ಲ. ಬರೆದರೆ ಮನೆಯವರು ಪೇಪರಿನಲ್ಲಿ ಓದಿ ತಿಳಿಯುವಂತಾಗುತ್ತದೆ, ಅದು ಸರಿಯಲ್ಲ ಎಂದೆ. ಕನಕರಾಜ್ ಆಗಲೇ ಹೊರಟುಹೋಗಿದ್ದ ನರೇಂದ್ರರಿಗೆ ಫೋನ್ ಮಾಡಿ, ಒಂಬತ್ತರ ಬಸ್ಸಿಗಾಗುವುದಿಲ್ಲ, ಮಧ್ಯಾಹ್ನದ್ದಕ್ಕೆ ಬರುತ್ತೇನೆ ಎಂದರು. ಆಮೇಲೆ, "ನಡೀರಿ ಸಾರ್, ಮಂಡಿಕಲ್ಲಿಗೆ ಹೋಗಣ. ನೀವಿದ್ರೆ ನಡೂಮಧ್ಯ ಎದ್ದು ಓಡೋಗಲ್ಲ ನಾನು."

ಮನೆಯ ಜಗಲಿಯಲ್ಲಿ ತಾಯಿ ಅಮ್ಮಾಜಮ್ಮ ಸೇವಂತಿಗೆ ಕಟ್ಟುತ್ತಿದ್ದಾರೆ, ಗೌತಮಿ ನೂಲು ಬಿಡಿಸಿ ಕೊಡುತ್ತಿದ್ದಾರೆ. ಕನಕರಾಜ್ ಕೂರುವುದಿಲ್ಲ. ಎರಡು ಬಿಳಿ ಕಾರುಗಳಿಂದ ಶುರುಮಾಡಿ, ಒಂದೂ ಬಿಡದೆ, ಟಾಪ್ ಗೇರಿನವರೆಗೂ ನಿಂತೇ ಹೇಳುತ್ತಾರೆ.

ಮೊದಲು ಮಾತಾಡಿದವರು ಗೌತಮಿ. "ಹಂಗಾದ್ರೆ ಅವ್ರು ಜೋರಾಗಿ ಹೋಗ್ತಿರಲಿಲ್ವಾ ಭಾವ?"

"ಇಲ್ಲ ಕಣಮ್ಮ."

"ನಾಲ್ಕು ವರ್ಷದಿಂದ ಫೋಟೋ ಮುಂದೆ ನಿಂತ್ಕೊಂಡು ಬೈತಿದ್ದೀನಿ ಅವ್ರನ್ನ. ನನ್ನ ಮರ್ತು ಗಾಡಿ ಓಡಿಸಿದ್ರಲ್ಲ ಅಂತ. ದಿನಾ ಬೈದಿದ್ದೀನಿ." ಅವರು ಅಳುವುದಿಲ್ಲ. ಕೈಯಲ್ಲಿನ ನೂಲು ಗಂಟಾಗಿದೆ, ಅದನ್ನೇ ಬಿಡಿಸುತ್ತಾರೆ.

ಅಮ್ಮಾಜಮ್ಮ ಹೂವನ್ನು ಪಕ್ಕಕ್ಕೆ ಸರಿಸುತ್ತಾರೆ. "ಅಯ್ಯೋ ನಾಯನಾ... ಬೈಯೋದಿದ್ರೆ ನಿನ್ನ ಬೈತಿದ್ವಿ. ಕೈತಪ್ಪು ಯಾರಿಗಾಗಲ್ಲ? ಹೋದವನ್ನ ಊರೋರ ಬಾಯಿಗೆ ಯಾಕೋ ಹಾಕ್ದೆ? ಬದುಕಿರೋನು ತಡ್ಕೊಳ್ತಿದ್ದೆ. ಅವನಿಗೆ ಬಾಯಿಲ್ಲ."

ತಾಯಿ 'ಕೂತ್ಕೊ' ಎನ್ನಲಿಲ್ಲ, 'ಹೋಗು' ಎಂದೂ ಅನ್ನಲಿಲ್ಲ. ಗೌತಮಿ ಒಳಗೆ ಹೋಗಿ ಬಾಗಿಲು ಮುಂದಕ್ಕೆ ಎಳೆದುಕೊಂಡರು.

ಹೊರಗೆ ಬಂದ ಮೇಲೆ ಕನಕರಾಜ್ ಕೇಳುತ್ತಾರೆ: "ಕೇಸಾಗುತ್ತಾ ಸಾರ್?" ಗೊತ್ತಿಲ್ಲ ಎನ್ನುತ್ತೇನೆ. "ಆಗ್ಲಿ ಬಿಡಿ. ನನ್ನ ಕೆಲ್ಸ, ನನ್ನ ಕಿವಿ, ಅದೆಲ್ಲ ಬರೀದೇ ಇದ್ರೂ ನಡೆಯುತ್ತೆ. ಜಾಗ ಕಮ್ಮಿ ಬಿದ್ರೆ ಅದನ್ನ ಕಿತ್ತಾಕಿ. ಒಂದೇ ಒಂದು ಸಾಲು ದಪ್ಪಕ್ಷರದಲ್ಲಿ ಹಾಕ್ಸಿ, ಊರಿನ ಹುಡುಗ್ರು ಓದೋ ಹಂಗೆ. ಮಂಡಿಕಲ್ಲಿನ ಮುನೇಶ ಅವತ್ತು ನಿಧಾನವಾಗಿ ಹೋಗ್ತಿದ್ದ ಅಂತ."