ಕಿತ್ತುಹೋಗಬೇಕಿದ್ದ ಎಳೆ

ದೆವ್ವ, ಶಕುನ, ಸತ್ತವರು ಬಂದು ಹೇಳಿಹೋದದ್ದು, ಇಂಥ ಮಾತು ಎತ್ತಿದವರನ್ನು ನಾನು ಎದುರಿಗೇ ಆಡಿಕೊಂಡವಳು. ಶಾಗ್ಯದ ನಮ್ಮ ದೊಡ್ಡವ್ವ ಒಮ್ಮೆ ಬಂದು, ಹಿತ್ತಲಲ್ಲಿ ಸೀರೆ ಉಟ್ಟವಳೊಬ್ಬಳು ನಿಂತಿದ್ದಳು, ಕರೆದರೆ ಮಾಯವಾದಳು ಎಂದಾಗ, "ಯಾವ ಮಗ್ಗದ ಸೀರೆ ಅಂತ ಕೇಳ್ಬಾರ್ದಾಗಿತ್ತಾ ದೊಡ್ಡವ್ವ, ನಮ್ಗೂ ಒಂದು ಗಿರಾಕಿ ಸಿಕ್ಕೋದು" ಎಂದು ಇಡೀ ಮನೆಯನ್ನು ನಗಿಸಿದ್ದೆ. ನನ್ನ ಬಾಯಿಯೇ ಹಾಗೆ. ಆದ್ದರಿಂದ ಈಗ ನಾನು ಹೇಳುವುದನ್ನು ಓದಿ ನೀವು ನಕ್ಕರೆ ನನಗೆ ಸಿಟ್ಟು ಬರುವುದಿಲ್ಲ. ನಗುವುದಕ್ಕೆ ಏನಾದರೂ ಸಿಕ್ಕಿದರೆ ನನಗೂ ಹೇಳಿ.

ನಾನು ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯುವವಳು. ನನ್ನ ತಮ್ಮ ಮಾದೇಶ. ಅವ್ವ ಹೋದಾಗ ಅವನಿಗೆ ಒಂಬತ್ತು ವರ್ಷ, ನನಗೆ ಹತ್ತೊಂಬತ್ತು. ಅವನಿಗೆ ಅನ್ನ ಕಲಸಿಕೊಟ್ಟವಳೂ ನಾನೇ, ಬೆನ್ನಿಗೆ ಗುದ್ದಿದವಳೂ ನಾನೇ. ಅವನಿಗೆ ಮಗ್ಗ ಹಿಡಿಸಲಿಲ್ಲ. ಭಾನುವಾರ ಬಂತೆಂದರೆ ಸೈಕಲ್ ತೆಗೆದುಕೊಂಡು ಧನಗೆರೆ ಕಡೆ ಹೋಗಿ ಹೊಳೆಗೆ ಗಾಳ ಹಾಕಿ ಕೂರುತ್ತಿದ್ದ. ಮೀನಿನ ಕೈಯಲ್ಲಿ ರೇಷ್ಮೆ ಮುಟ್ಟಬೇಡವೋ ಎಂದು ಬೈದು ಬೈದು ನನಗೆ ಸಾಕಾಗಿತ್ತು. ಮುಂದೆ ಐಟಿಐ ಮಾಡಿ, ಕರಾವಳಿಯಲ್ಲಿ ಒಂದು ಐಸ್ ಕಾರ್ಖಾನೆಗೆ ಮೆಕ್ಯಾನಿಕ್ ಆಗಿ ಸೇರಿದ. ಯಳಂದೂರಿನ ಸವಿತಳನ್ನು ಮದುವೆಯಾಗಿ ಅಲ್ಲಿಗೇ ಕರೆದುಕೊಂಡು ಹೋದ. ಹೊಳೆ ಬಿಟ್ಟು ಸಮುದ್ರಕ್ಕೆ ಗಾಳ ಹಾಕುವ ಹುಚ್ಚು ಅಲ್ಲಿ ಹಿಡಿಯಿತು.

ದೋಣಿ ಇಲ್ಲದೆ ದಡದಲ್ಲೇ ನಿಂತು ಉದ್ದದ ಕೋಲಿನಿಂದ ಬೀಸಿ ಎಸೆಯುವ ಗಾಳಕ್ಕೆ ಬೇರೆಯದೇ ಕಟ್ಟುವಿಕೆ ಇದೆಯಂತೆ. ಒಂದು ದಪ್ಪ ನೈಲಾನ್ ದಾರ, ಅದರ ಬದಿಗೆ ಕವಲುಗಳಂತೆ ಗಾಳಗಳು, ತುದಿಗೆ ಸೀಸದ ಗುಂಡು. ಇಷ್ಟಕ್ಕೂ ಸೇರಿ ಅವನು ‘ಸೆಟ್ಟು’ ಎನ್ನುತ್ತಿದ್ದ. ಅಂಗಡಿಯಲ್ಲಿ ಸಿಗುವ ಸೆಟ್ಟಿನ ಗಂಟು ಜಾರುತ್ತದೆ, ಅಕ್ಕನ ಬೆರಳಿನ ಗಂಟು ಜಾರುವುದಿಲ್ಲ ಎಂದು ನನ್ನ ತಲೆಗೆ ಕಟ್ಟಿದ. ಸಾಮಾನೆಲ್ಲ ತಂದಿಟ್ಟು, ರಜೆಯಲ್ಲಿ ಬಂದಾಗ ಪಕ್ಕದಲ್ಲಿ ಕೂತು ಕಲಿಸಿದ. ಮರಳಿನ ದಡಕ್ಕೆ ಮೂರು ಗಾಳದ್ದು. ಬಂಡೆಯ ಜಾಗಕ್ಕೆ ಒಂದೇ ಗಾಳದ್ದು, ಹೆಚ್ಚು ಗಾಳ ಇದ್ದರೆ ಹೆಚ್ಚು ಕಡೆ ಸಿಕ್ಕಿಕೊಳ್ಳುತ್ತದೆ. ನೈಲಾನ್ ಗಂಟು ಬಿಗಿಯುವ ಮೊದಲು ಎಂಜಲು ಹಚ್ಚಬೇಕು. ಬಂಡೆಯ ಸೆಟ್ಟಿಗೆ ಇನ್ನೊಂದು ನಿಯಮವಿತ್ತು. ಗುಂಡನ್ನು ಮಾತ್ರ ನೈಲಾನಿನಿಂದ ಕಟ್ಟುವ ಹಾಗಿಲ್ಲ. ಮಗ್ಗದಲ್ಲಿ ಸೀರೆ ಇಳಿಸಿದಾಗ ಉಳಿಯುವ ರೇಷ್ಮೆಯ ತುಂಡು ಎಳೆಯನ್ನು ಮಡಚಿ, ಅದರಿಂದ ಕಟ್ಟಬೇಕು.

"ಅದೊಂದು ಎಳೆ ಸೊರಗಿರ್ಬೇಕು ಕಣಕ್ಕ" ಎಂದಿದ್ದ. "ಗುಂಡು ಬಂಡೆ ಸಂದೀಗೆ ಸಿಕ್ಕಾಕಂಡ್ರೆ ಅದೊಂದೇ ಕಿತ್ಕಂಡು ಓಗ್ಲಿ. ಮಿಕ್ಕಿದ್ದು ನನ್ ಕೈಗೆ ಬತ್ತದೆ."

"ಕಿತ್ಕಂಡು ಓಗ್ಲಿ ಅಂತ ಯಾರಾದ್ರೂ ಕಟ್ತಾರೇನ್ಲಾ?"

"ನೀನು ಕಟ್ಟು. ಒಂದ್ ಸಲಾನಾದ್ರೂ ನನ್ ಮಾತು ಕೇಳು."

ನಾನು ಕೇಳಿದೆ. ಎರಡು ವರ್ಷ ಹಾಗೆಯೇ ಕಟ್ಟಿ ಕಳಿಸಿದೆ. ಆದರೆ ಪ್ರತಿ ಸಲವೂ ನನ್ನ ಬೆರಳಿಗೆ ಅದು ಒಗ್ಗುತ್ತಿರಲಿಲ್ಲ. ಎಳೆ ಕಿತ್ತರೆ ನೇಯುವವಳಿಗೆ ಅವಮಾನ. ಚಿಕ್ಕಂದಿನಲ್ಲಿ ಹಾಸಿನ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಏರಿಸಿದ ನೂಲಿನ, ಒಂದು ಎಳೆ ಕಿತ್ತಿದ್ದಕ್ಕೆ ಅಪ್ಪ ಅಟ್ಟಾಡಿಸಿಕೊಂಡು ಹೊಡೆದಿದ್ದ. ಕೀಳಲಿ ಎಂದೇ ಒಂದು ಎಳೆ ಕಟ್ಟುವುದು, ಅದೂ ತಮ್ಮನಿಗೆ, ನನಗೆ ಯಾಕೋ ಕಳಪೆ ಕೆಲಸ ಎನ್ನಿಸುತ್ತಿತ್ತು.

ಕೊನೆಯ ಸಲ ಹತ್ತು ಬಂಡೆಯ ಸೆಟ್ಟು ಬೇಕು ಎಂದು ಫೋನು ಮಾಡಿದ. ಆಗ ಮನೆಯಲ್ಲಿ ತುಂಡು ರೇಷ್ಮೆ ಇರಲಿಲ್ಲ. ಮಗ್ಗದ ಮೇಲೆ ಹಾಸು ಇತ್ತು, ಆದರೆ ಏರಿಸಿದ ಹಾಸಿನಿಂದ ಎಳೆ ಕೀಳಬಾರದು, ಅದು ನಮ್ಮ ಮನೆಯ ಕಟ್ಟುನಿಟ್ಟು. ಸೀರೆ ಇಳಿಯಲು ಇನ್ನೂ ಎಂಟು ದಿನವಿತ್ತು. ಪ್ರತಿ ಸಲವೂ ಗುಂಡು ಹೋಯಿತು, ಗುಂಡು ಹೋಯಿತು ಎನ್ನುತ್ತಾನಲ್ಲ, ಈ ಸಲ ಹೋಗದ ಹಾಗೆ ಕಟ್ಟಿಕೊಡೋಣ ಎಂದುಕೊಂಡೆ. ಹತ್ತಕ್ಕೂ ಗುಂಡನ್ನು ನೈಲಾನಿನಿಂದಲೇ ಬಿಗಿದೆ. ಕತ್ತರಿ ಎದ್ದು ತರಲು ಸೋಮಾರಿತನವಾಗಿ ದಾರವನ್ನು ಹಲ್ಲಿನಲ್ಲೇ ಕಡಿದು ತುಟಿ ಕುಯ್ದುಕೊಂಡೆ. ಅವನಿಗೆ ಹೇಳಲಿಲ್ಲ. ಆಮೇಲೆ ಹೇಳಿದರಾಯಿತು, ಹೊಗಳಿಸಿಕೊಳ್ಳೋಣ ಎಂದಿತ್ತು ನನ್ನ ಮನಸ್ಸಿನಲ್ಲಿ.

ಪಾರ್ಸಲ್ ಶನಿವಾರ ತಲುಪಿತು. ಭಾನುವಾರ ಹತ್ತು ಗಂಟೆಗೆ ಅವನು ಹೋದ. ದೂರದ ಬಂಡೆಯ ಮೇಲಿದ್ದ ಅವನ ಕಾರ್ಖಾನೆಯ ಗೆಳೆಯ ನೋಡಿದ್ದು ಇಷ್ಟೇ. ಮಾದೇಶ ಕೋಲು ಹಿಡಿದುಕೊಂಡೇ ಬಂಡೆಯಿಂದ ನೀರಿನ ಕಡೆ ಇಳಿಯುತ್ತಿದ್ದ, ಒಂದು ಅಲೆ ಬಂತು, ಅಲೆ ಹಿಂದೆ ಹೋದಾಗ ಅವನಿರಲಿಲ್ಲ. "ಸಿಕ್ಕಿಕೊಂಡ ದಾರ ಬಿಡಿಸಲಿಕ್ಕೆ ಇಳಿದನೋ ಏನೋ ಅಕ್ಕ" ಎಂದು ಆ ಹುಡುಗ ನನ್ನ ಮುಂದೆ ನಿಂತು ಅತ್ತ. ಮಾರನೆಯ ದಿನ ಮಾದೇಶ ಸಿಕ್ಕಿದ. ಕೋಲು ಸಿಗಲಿಲ್ಲ.

ಆ ಹುಡುಗನ ಒಂದು ಮಾತು ನನ್ನೊಳಗೆ ಏನು ಮಾಡಿತು ಎಂದು ನಾನು ಯಾರಿಗೂ ಹೇಳಲಿಲ್ಲ. ನಾನು ರೇಷ್ಮೆ ಕಟ್ಟಿದ್ದರೆ ಗುಂಡು ಕಿತ್ತುಕೊಂಡು ಹೋಗುತ್ತಿತ್ತು, ಅವನು ಇಳಿಯುತ್ತಲೇ ಇರಲಿಲ್ಲ. ನನ್ನ ಕೈಯಾರೆ ನನ್ನ ತಮ್ಮನನ್ನು ಕೊಂದೆ ಎನ್ನುವುದನ್ನು ಬಾಯಲ್ಲಿ ಹೇಳುವುದು ಹೇಗೆ? ಸವಿತ ತೌರುಮನೆ ಯಳಂದೂರಿಗೆ ಬಂದಳು. ಅವನ ಗಾಳದ ಡಬ್ಬವನ್ನು ಕಣ್ಣಿನಲ್ಲಿ ನೋಡಲಾರೆ ಎಂದು ನನ್ನ ಕೈಗೆ ಕೊಟ್ಟಳು. ಅದನ್ನು ತಂದು ಅಟ್ಟದ ಮೇಲೆ ಇಟ್ಟೆ. ತೆರೆಯಲಿಲ್ಲ. ಅದರಲ್ಲಿ ನನ್ನ ಒಂಬತ್ತು ಸೆಟ್ಟು ಇದೆ ಎಂದು ಗೊತ್ತಿತ್ತು.

ಐದು ತಿಂಗಳಾಯಿತು. ನನ್ನಿಂದ ಸೀರೆ ನೇಯಿಸುವ ಮಾಲೀಕರು ಹೊಸ ಹಾಸು ತಂದುಕೊಟ್ಟರು. ಯಾರದೋ ಮದುವೆಗೆಂದು ಹೇಳಿ ಮಾಡಿಸಿದ ಬಣ್ಣ, ಈರುಳ್ಳಿ ಸಿಪ್ಪೆಯ ಬಣ್ಣದ ಒಳಗೆ ಸ್ವಲ್ಪ ಬೂದು ಬೆರೆತಂತೆ. ಬಣ್ಣದವನು ಇದನ್ನು ಕಲಸಿದ್ದು ಇದೇ ಮೊದಲು ಎಂದು ಅವರೇ ಹೇಳಿದರು. ಇಪ್ಪತ್ತು ವರ್ಷದಲ್ಲಿ ನನ್ನ ಮಗ್ಗಕ್ಕೂ ಅಂಥ ಬಣ್ಣ ಬಂದಿರಲಿಲ್ಲ. ಮೊದಲನೇ ಸೀರೆ ನೇಯ್ದು, ಇಳಿಸಿ, ಕೊಟ್ಟೂ ಆಯಿತು. ಎರಡನೆಯದು ಶುರುವಾಗಿತ್ತು.

ಒಂದು ಮಧ್ಯಾಹ್ನ, ಊಟವಾದ ಮೇಲೆ, ನನ್ನ ಕತ್ತರಿ ಎಲ್ಲಿಟ್ಟೆನೋ ಸಿಗಲಿಲ್ಲ. ಮಾದೇಶನ ಡಬ್ಬದಲ್ಲಿ ದಾರ ಕತ್ತರಿಸುವ ಸಣ್ಣದೊಂದು ಇದೆ ಎಂದು ನೆನಪಾಯಿತು. ಇವತ್ತಲ್ಲ ನಾಳೆ ತೆರೆಯಲೇಬೇಕು ಎಂದು ಧೈರ್ಯ ಮಾಡಿ ಅಟ್ಟದಿಂದ ಇಳಿಸಿದೆ. ಮುಚ್ಚಳ ತೆಗೆದೆ. ರಟ್ಟಿನ ತುಂಡುಗಳಿಗೆ ನಾನು ಸುತ್ತಿಕೊಟ್ಟ ಹಾಗೆಯೇ ಒಂಬತ್ತು ಸೆಟ್ಟು ಇದ್ದವು.

ಒಂಬತ್ತರಲ್ಲೂ ಗುಂಡನ್ನು ರೇಷ್ಮೆಯಿಂದ ಕಟ್ಟಿತ್ತು. ಈರುಳ್ಳಿ ಸಿಪ್ಪೆಯ ಬಣ್ಣದ ರೇಷ್ಮೆಯಿಂದ.

ಒಂದನ್ನು ತೆಗೆದುಕೊಂಡು ಮಗ್ಗದ ಹತ್ತಿರ ಹೋಗಿ ಹಾಸಿನ ಮೇಲೆ ಇಟ್ಟು ನೋಡಿದೆ. ಇಟ್ಟದ್ದು ಎಲ್ಲಿದೆ ಎಂದು ಹುಡುಕಬೇಕಾಯಿತು, ಬಣ್ಣ ಹಾಗೆ ಕೂಡಿಕೊಂಡಿತು. ಗಂಟು ನನ್ನದೇ. ಹಳೆ ಹಾಸಿನ ತುದಿಗೆ ಹೊಸ ಹಾಸಿನ ಎಳೆಗಳನ್ನು ಸೇರಿಸುವುದಕ್ಕೆ ನಾವು ಕೆಚ್ಚುವುದು ಎನ್ನುತ್ತೇವೆ. ಆಗ ಎಳೆ ಜಾರದಿರಲಿ ಎಂದು ಬೆರಳಿಗೆ ಬೂದಿ ಹಚ್ಚಿಕೊಳ್ಳುತ್ತೇವೆ. ಆ ಒಂಬತ್ತು ಗಂಟಿನಲ್ಲೂ ಬೂದಿಯಿತ್ತು, ಮುಟ್ಟಿದರೆ ಬೆರಳಿಗೆ ಹತ್ತಿತು. ಅಯ್ಯೋ ಶಿವನೇ ಎಂದು ಅಲ್ಲೇ ನೆಲದ ಮೇಲೆ ಕೂತೆ. ಹೆದರಿಕೆ ಆಯಿತೇ ಎಂದು ಕೇಳಿದರೆ, ಇಲ್ಲ. "ಮಾದೇಸ, ಬಂದಿದ್ದೇನ್ಲಾ?" ಎಂದು ಬಾಯಿಬಿಟ್ಟು ಕರೆದೆ. ಒಂದು ಬೀದಿಯಾಚೆ ಯಾರದೋ ಮಗ್ಗ ನಡೆಯುತ್ತಿತ್ತು, ಅಷ್ಟೇ ಸದ್ದು.

ನಾನೇ ರೇಷ್ಮೆ ಕಟ್ಟಿ ಮರೆತೆನೇ? ರೇಷ್ಮೆಗೆ ತುಟಿ ಕುಯ್ಯುವುದಿಲ್ಲ. ದುಃಖದಲ್ಲಿ ಬುದ್ಧಿ ಕೆಟ್ಟು, ಈಚೆಗೆ ನಾನೇ ಬಿಚ್ಚಿ ಕಟ್ಟಿದೆನೇ? ಅಟ್ಟದಲ್ಲಿ ಡಬ್ಬದ ಮೇಲೆ ಐದು ತಿಂಗಳ ದೂಳು ಹಾಗೇ ಕೂತಿತ್ತು, ಈ ಬಣ್ಣವೇ ಇಲ್ಲದಿದ್ದಾಗಿನಿಂದ. ನಮ್ಮ ಯಜಮಾನರು ಲಾರಿ ಓಡಿಸುವವರು, ಅವರಿಗೆ ಚಪ್ಪಲಿಯ ದಾರ ಕಟ್ಟಲೂ ಬಾರದು. ಹೀಗೆ ಯೋಚಿಸುತ್ತಿರುವಾಗ ಇನ್ನೊಂದು ನೆನಪಾಯಿತು. ಈ ಹಾಸನ್ನು ಕೆಚ್ಚುವಾಗ, ಅಂಚಿನ ಪಕ್ಕದಲ್ಲಿ ಕೆಲವು ಎಳೆ ಒಂದೊಂದು ಗೇಣು ಗಿಡ್ಡವಿದ್ದವು. ಯಾರೋ ನೀಟಾಗಿ ಕತ್ತರಿಸಿಕೊಂಡ ಹಾಗೆ. ಹಾಸು ಹಾಕಿದವನಿಗೆ ಬೈದುಕೊಂಡು ಬೇರೆ ಎಳೆ ಸೇರಿಸಿ ಕೆಚ್ಚಿದ್ದೆ.

ಮಾರನೆಯ ದಿನವೇ ಡಬ್ಬ ತೆಗೆದುಕೊಂಡು ಯಳಂದೂರಿನ ಬಸ್ಸು ಹತ್ತಿದೆ. ಸವಿತ ಹಜಾರದಲ್ಲಿ ಹುರುಳಿ ಆರಿಸುತ್ತಿದ್ದಳು. ಅವಳ ಮುಂದೆ ಕೂತು ಎಲ್ಲ ಹೇಳಿದೆ. ನೈಲಾನ್ ಕಟ್ಟಿದ್ದು, ಮುಚ್ಚಿಟ್ಟದ್ದು, ಈಗ ಕಂಡದ್ದು, ಒಂದೂ ಬಿಡದೆ. ಮಾದೇಶನೇ ಕೂತು ಬೇರೆ ಎಳೆ ಕಟ್ಟಿಕೊಂಡನೇನೋ ಎಂದೂ ಕೇಳಿದೆ.

"ಅವ್ರಿಗೆ ಟೈಮ್ ಎಲ್ಲಿತ್ತು ಅತ್ಗೆ?" ಎಂದಳು. "ಅವತ್ತು ಬೆಳಿಗ್ಗೆ ಒರ್ಡುವಾಗ್ಲೇ ಕವರ್ ಹರಿದಿದ್ದು. ಒಂದು ಕೋಲಿಗೆ ಕಟ್ಕಂಡ್ರು, ಮಿಕ್ಕಿದ್ದು ಅಂಗೇ ಡಬ್ಬಕ್ಕಾಕಿ ಮನೇಲೇ ಬುಟ್ಟು ಓದ್ರು. ನಮ್ಮಕ್ಕ ಕಟ್ಟಿದ್ದು ಅಂದ್ರೆ ನೋಡೋ ಅಂಗೇ ಇಲ್ಲ ಅಂತ ನಗ್ತಾ ಓದ್ರು."

ಅವಳು ಒಂಬತ್ತನ್ನೂ ಒಂದೊಂದಾಗಿ ಮಡಿಲಿಗೆ ಹಾಕಿಕೊಂಡು ನೋಡಿದಳು. ನಾನು ನೈಲಾನ್ ಕಟ್ಟಿದ್ದಕ್ಕೆ ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಒಂಬತ್ತನೆಯದನ್ನು ಡಬ್ಬಕ್ಕೆ ಹಾಕಿ ತಲೆ ಎತ್ತಿದಳು.

"ಆ ಗಿಡ್ಡ ಎಳೆ ಎಷ್ಟಿದ್ವು ಅತ್ಗೆ? ಒಂಬತ್ತಾ, ಹತ್ತಾ?"

ಆಗ ನನಗೆ ಹೊಳೆಯಿತು ಅವಳು ಏನು ಕೇಳುತ್ತಿದ್ದಾಳೆ ಎಂದು. ಹತ್ತಿದ್ದರೆ, ಅವನ ಕೈಯಲ್ಲಿದ್ದ ಹತ್ತನೆಯದಕ್ಕೂ ರೇಷ್ಮೆ ಬಂದಿತ್ತು. ಅವನು ಇಳಿದದ್ದು ನನ್ನ ಗಂಟಿನಿಂದಲ್ಲ, ಬೇರೆ ಯಾವುದಕ್ಕೋ. ಒಂಬತ್ತೇ ಇದ್ದರೆ, ಮನೆಯಲ್ಲಿ ಉಳಿದಿದ್ದ ಒಂಬತ್ತನ್ನಷ್ಟೇ ಯಾರೋ ಸರಿಮಾಡಿದರು, ಅವನನ್ನು ಎಳೆದುಕೊಂಡು ಹೋದದ್ದು ನನ್ನ ನೈಲಾನೇ. ಎಂಟೋ, ಒಂಬತ್ತೋ, ಹತ್ತೋ, ನನಗೆ ಗೊತ್ತಿರಲಿಲ್ಲ. ಸಾವಿರಾರು ಎಳೆಯನ್ನು ಒಂದೂ ತಪ್ಪದೆ ಕೆಚ್ಚುವವಳು ನಾನು, ಅವನ್ನು ಎಣಿಸಿರಲಿಲ್ಲ. ಕೆಚ್ಚಿದ ತುದಿಯನ್ನು ಮೊದಲ ಸೀರೆ ಇಳಿಸುವಾಗ ಕತ್ತರಿಸಿ ಒಲೆಗೆ ಹಾಕಿದ್ದೆ.

"ಎಣಿಸ್ನಿಲ್ಲ ಸವಿತ" ಎಂದೆ.

ಅವಳು ಮೊರ ಪಕ್ಕಕ್ಕಿಟ್ಟು ಎದ್ದು, ಊಟ ಮಾಡಿಕೊಂಡು ಹೋಗಿ ಎಂದಳು. ಬಡಿಸಿದಳು. ನಾನು ಉಣ್ಣುವ ತನಕ ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು. ಇದಾಗಿ ಆರು ವರ್ಷವಾಯಿತು. ಹಬ್ಬಕ್ಕೆ ಫೋನು ಮಾಡಿದರೆ ಮಾತನಾಡುತ್ತಾಳೆ, ಚೆನ್ನಾಗಿದ್ದೀರಾ ಎನ್ನುತ್ತಾಳೆ, ತಾನಾಗಿ ಮಾಡುವುದಿಲ್ಲ.

ಯಾರು ಕಟ್ಟಿದರು, ಹೇಗೆ ಕಟ್ಟಿದರು, ಇನ್ನೂ ಹುಟ್ಟದ ಬಣ್ಣದ ಎಳೆ ಮುಚ್ಚಿಟ್ಟ ಡಬ್ಬಕ್ಕೆ ಎಲ್ಲಿಂದ ಬಂತು, ನನಗೆ ಇವತ್ತಿಗೂ ಗೊತ್ತಿಲ್ಲ. ದೆವ್ವವನ್ನು ನಾನು ಈಗಲೂ ನಂಬುವುದಿಲ್ಲ. ಆದರೆ ಒಬ್ಬಳೇ ಇದ್ದಾಗ ಅವನೊಂದಿಗೆ ಜಗಳ ಆಡುತ್ತೇನೆ. ಅಷ್ಟು ದೂರದಿಂದ ಬಂದು, ಅಷ್ಟೆಲ್ಲ ಕೆಲಸ ಮಾಡಿದವನು, ಹತ್ತನೆಯದು ಏನಾಯಿತು ಎಂದು ನಿನ್ನ ಅಕ್ಕನಿಗೆ ಒಂದು ಮಾತು ಹೇಳಿ ಹೋಗಬಾರದಿತ್ತೇನೋ ಎನ್ನುತ್ತೇನೆ.