ಕುರಿಯ ಶ್ವಾಸಕೋಶ ಉಬ್ಬಿದ ದಿನ

ಕೊರೊನಾ ಮುಗಿದು ಕಾಲೇಜುಗಳು ಮತ್ತೆ ಬಾಗಿಲು ತೆರೆದ ವರ್ಷ ಅದು. ಕೆಜಿಎಫ್‌ನ ಒಂದು ಪ್ಯಾರಾಮೆಡಿಕಲ್ ಕಾಲೇಜಿನಲ್ಲಿ ನಾನು ಪದವಿ ವಿದ್ಯಾರ್ಥಿಗಳಿಗೆ ಜೀವಶಾಸ್ತ್ರ ಕಲಿಸುತ್ತಿದ್ದೆ; ಈಗಲೂ ಕಲಿಸುತ್ತಿದ್ದೇನೆ. ಈ ಘಟನೆಯನ್ನು ಹತ್ತಾರು ಸಲ ಹೇಳಿದ್ದೇನೆ. ಹೇಳಿದಷ್ಟೂ ಸಲ ಇದರಲ್ಲಿ ನಾನು ಇನ್ನಷ್ಟು ಒಳ್ಳೆಯವಳಾಗುತ್ತಾ ಬಂದಿದ್ದೇನೆ. ಇಲ್ಲಿಯಾದರೂ ಹಾಗಾಗದಂತೆ ಬರೆಯಲು ನೋಡುತ್ತೇನೆ.

ಮುನಿಲಕ್ಷ್ಮಿ ಬಂಗಾರಪೇಟೆ ಕಡೆಯ ಹಳ್ಳಿಯ ಹುಡುಗಿ. ಮನೆಯಲ್ಲಿ ಕುರಿ ಸಾಕುತ್ತಿದ್ದರು. ಬರೆಯುವ ಪರೀಕ್ಷೆಗಳನ್ನು ಹೇಗೋ ದಾಟುತ್ತಿದ್ದಳು. ಪ್ರಾಯೋಗಿಕ ಪರೀಕ್ಷೆಯಲ್ಲಿ ಹೊರಗಿನವರು ಎದುರು ಕೂತು ಪ್ರಶ್ನೆ ಕೇಳಿದರೆ ಮಾತ್ರ ಬಾಯೇ ಬಿಡುತ್ತಿರಲಿಲ್ಲ. ಹೀಗೆ ಎರಡು ಸಲ ಫೇಲಾಗಿದ್ದಳು.

"ಈ ಸಲಾನೂ ಓಯ್ತು ಅಂದ್ರೆ ನಾನಿನ್ನ ಬರಲ್ಲ ಮೇಡಂ. ಗಾರ್ಮೆಂಟ್ಸ್‌ಗೆ ಸೇರ್ಕೊಳ್ಳೋಕೆ ಮಾತಾಡಿದೀನಿ" ಎಂದಳು.

"ಅಲ್ಲಿ ಮಾತಾಡಕ್ಕೆ ಬರುತ್ತೆ, ಇಲ್ಲಿ ಬರಲ್ವಾ?" ಎಂದು ಗದರಿದ್ದೆ.

ಪರೀಕ್ಷೆಗೆ ಎಂದು ಲ್ಯಾಬಿನಲ್ಲಿಟ್ಟಿದ್ದ ಶ್ವಾಸಕೋಶ ಜಾಡಿ ಸೋರಿ ಹಾಳಾಗಿತ್ತು. ಪರೀಕ್ಷೆಯ ದಿನ ಬೆಳಿಗ್ಗೆಯೇ ಮಟನ್ ಅಂಗಡಿಗೆ ಹೋಗಿ ಕುರಿಯ ಶ್ವಾಸಕೋಶವನ್ನು ಗಂಟಲ ಕೊಳವೆ ಸಮೇತ ತಂದೆ. ಕೊಳವೆಗೆ ರಬ್ಬರ್ ನಳಿಕೆ ಸಿಕ್ಕಿಸಿ ಪಂಪು ಒತ್ತಿದರೆ ಅದು ಉಬ್ಬಬೇಕು. ವಿದ್ಯಾರ್ಥಿಗಳು ಅದನ್ನು ಮುಟ್ಟಿ ತೋರಿಸುತ್ತಾ ಉತ್ತರ ಹೇಳಬೇಕು. ಬೆಂಗಳೂರಿನಿಂದ ಬಂದಿದ್ದ ಪರೀಕ್ಷಕರ ಮುಂದೆ ಮೊದಲು ನಾನೇ ಒತ್ತಿದೆ. ಬುಸ್ ಎಂದು ಗಾಳಿ ಹೋಯಿತು. ಮತ್ತೆ ಒತ್ತಿದೆ. ಮತ್ತೆ ಬುಸ್.

"ತೆಗೆದುಬಿಡಿ ಮೇಡಂ, ಬರೀ ಪ್ರಶ್ನೆ ಕೇಳಿ ಮುಗಿಸ್ತೀನಿ" ಎಂದರು ಅವರು. ಮೊದಲ ಸರದಿ ಮುನಿಲಕ್ಷ್ಮಿಯದು. ಬರೀ ಪ್ರಶ್ನೆಯಾದರೆ ಅವಳ ಓದು ಅಲ್ಲಿಗೇ ಮುಗಿದಂತೆ.

"ಮೇಡಂ, ಅಂಗಡಿಯೋರು ಕುಯ್ದವ್ರೆ ಅದನ್ನ." ಬಾಗಿಲ ಬಳಿ ನಿಂತಿದ್ದ ಅವಳದೇ ಧ್ವನಿ.

ನಾನೇ ಅವಳನ್ನು ಮುಂದಕ್ಕೆ ಕರೆದೆ ಎಂದು ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ. ಸುಳ್ಳು. "ನೀನು ಸುಮ್ನಿರಮ್ಮ" ಎಂದೆ. ಕರೆದವರು ಪರೀಕ್ಷಕರು.

"ಉಳ ಐತಾ ಅಂತ ತುದಿ ಕುಯ್ದು ನೋಡ್ತಾರೆ ಸಾರ್. ನಮ್ಮಪ್ಪಾನೂ ಅಂಗೇ ಮಾಡೋದು. ಕುಯ್ಬ್ಯಾಡ್ರೀ ಅಂತ ಮೊದ್ಲೇ ಏಳ್ಬೇಕು" ಎಂದು ನನ್ನತ್ತ ನೋಡಿದಳು. ಇಷ್ಟು ವರ್ಷ ಪಾಠ ಮಾಡಿದ ನನಗೆ ಅದು ಗೊತ್ತಿರಲಿಲ್ಲ.

ಅವಳು ಶ್ವಾಸಕೋಶವನ್ನು ನೀರಿನ ಬೇಸಿನ್ನಿಗೆ ಇಳಿಸಿದಳು. ನಾನು ಪಂಪು ಒತ್ತಿದೆ. ಪಂಕ್ಚರ್ ಅಂಗಡಿಯ ಟ್ಯೂಬಿನ ಹಾಗೆ ಒಂದೇ ಕಡೆಯಿಂದ ಗುಳ್ಳೆ ಬಂತು. ಶ್ವಾಸಕೋಶದ ಆ ಭಾಗದ, ಅಂದರೆ ಆ ಹಾಲೆಯ, ಬುಡಕ್ಕೆ ದಾರ ಸುತ್ತಿ ಬಿಗಿದು, "ಈಗ ಒತ್ತಿ ಮೇಡಂ" ಎಂದಳು.

ಉಬ್ಬಿತು! ತಿಳಿ ಗುಲಾಬಿ ಬಣ್ಣಕ್ಕೆ ತಿರುಗಿ ಎರಡೂ ಕಡೆ ಮೇಲೆದ್ದಿತು.

"ಒಂದನ್ನ ಕಟ್ಟಿಬಿಟ್ಟೆ. ಉಳಿದದ್ದು ಹೇಗೆ ಉಬ್ಬಿತು?" ಪರೀಕ್ಷಕರು ಕೇಳಿದರು.

"ಒಂದೊಂದು ಹಾಲೆಗೂ ಬೇರೆ ಬೇರೆ ಕೊಳವೆ ಐತೆ ಸಾರ್. ಲೋಬಾರ್ ಬ್ರಾಂಕಸ್."

"ಮನುಷ್ಯನಿಗೆ ಹೀಗಾದ್ರೆ?"

"ಉಳಿದಿದ್ದು ಕೆಲ್ಸ ಮಾಡ್ತದೆ ಸಾರ್, ಆದ್ರೆ ಬ್ಯಾಗ ಏದುಸಿರು ಬತ್ತದೆ. ಚಾಂಪಿಯನ್ ರೀಫ್ಸಲ್ಲಿ ಗಣಿಗೆ ಇಳಿದಿದ್ದ ತಾತಂದಿರು ಧೂಳು ಕುಡಿದು ಈಗ ನಾಕು ಎಜ್ಜೆಗೊಂದು ಸಲ ಕೂತ್ಕೋತಾರಲ್ಲ, ಅಂಗೆ."

ಪ್ರಶ್ನೆಗಳು ಬರುತ್ತಲೇ ಹೋದವು. ಅವಳ ಕೈ ಶ್ವಾಸಕೋಶದ ಮೇಲೇ ಇತ್ತು, ಬಾಯಿ ನಿಲ್ಲಲಿಲ್ಲ. ಎಷ್ಟು ಹೊತ್ತು ನಡೆಯಿತೋ ತಿಳಿಯದು. ಹತ್ತು ನಿಮಿಷವಿರಬಹುದು, ನನ್ನ ನೆನಪಿನಲ್ಲಿ ಅದು ಗಂಟೆಯಷ್ಟು ಬೆಳೆದಿದೆ. ಕೊನೆಗೆ ಪರೀಕ್ಷಕರು, "ಇವಳಿಗೆ ಇದೆಲ್ಲ ಕಲಿಸಿದ್ದು ಯಾರು?" ಎಂದರು. "ಅವರಪ್ಪ" ಎಂದು ಹೇಳಿದೆನೆಂದುಕೊಳ್ಳಲು ನನಗಿಷ್ಟ. ಬಹುಶಃ ಬರೀ ನಕ್ಕಿರಬೇಕು.

ಅಂದಿನಿಂದ ನಾನು ಯಾರನ್ನೂ ಬರಿಗೈಯಲ್ಲಿ ನಿಲ್ಲಿಸಿ ಪ್ರಶ್ನೆ ಕೇಳಿಲ್ಲ. ಮೊದಲು ಏನಾದರೊಂದು ಕೈಗೆ ಕೊಡುತ್ತೇನೆ, ಮಾತು ತಾನಾಗಿ ಬರುತ್ತದೆ. ಆದರೂ ಆ "ಸುಮ್ನಿರಮ್ಮ" ಈಗಲೂ ಚುಚ್ಚುತ್ತದೆ.

ಫಲಿತಾಂಶ ಬಂದ ದಿನ ಕಾರಿಡಾರಿನ ಆ ತುದಿಯಿಂದ, "ಮೇಡಂ! ಪಾಸು! ಪಾಸಾದೆ ಮೇಡಂ!" ಎಂದು ಕೂಗುತ್ತಾ ಓಡಿಬಂದಳು. ಪ್ರಾಂಶುಪಾಲರು ಕೋಣೆಯಿಂದ ಹೊರಬಂದು, "ಯಾರದು ಸಂತೆ ಮಾಡ್ತಿರೋದು?" ಎಂದು ಸಿಡುಕಿದರು.

"ಬಾಯಿ ಬಿಡಲ್ಲ ಅಂತ ಎರಡು ಸಲ ಫೇಲ್ ಮಾಡಿದ್ವಲ್ಲ ಸಾರ್, ಆ ಹುಡುಗಿ" ಎಂದೆ.