ಆ ರಸ್ತೆಯಲ್ಲಿ ಹಂಪ್ ಇರಲಿಲ್ಲ

ನನ್ನ ಗಾಡಿಯಲ್ಲಿ ಕೂತವರಿಗೆ ನಿದ್ದೆ ಬರುತ್ತದೆ ಎಂಬುದು ನನಗೆ ದೊಡ್ಡ ಜಂಬವಾಗಿತ್ತು. ರಾಯಚೂರಿನಿಂದ ದೇವದುರ್ಗದ ಕಡೆಯ ಶಾಲೆಗಳಿಗೆ ಹೋಗುವ ಹನ್ನೊಂದು ಮಂದಿ ಟೀಚರುಗಳನ್ನು ದಿನಾ ಬೆಳಿಗ್ಗೆ ನನ್ನ ಕ್ರೂಸರಿನಲ್ಲಿ ಕರೆದೊಯ್ದು ಸಂಜೆ ವಾಪಸು ತರುವುದು ನನ್ನ ಕೆಲಸ. ಊರು ದಾಟುವಷ್ಟರಲ್ಲಿ ಹಿಂದಿನ ಸೀಟುಗಳಲ್ಲಿ ಒಬ್ಬೊಬ್ಬರದೇ ತಲೆ ವಾಲುತ್ತಿತ್ತು. ರಾತ್ರಿ ಹನ್ನೊಂದರತನಕ ಮೊಬೈಲಿನಲ್ಲಿ ಇಲಾಖೆಗೆ ಮಾಹಿತಿ ತುಂಬಿ, ಬೆಳಗಿನ ಜಾವ ಎದ್ದು ರೊಟ್ಟಿ ಬಡಿದು, ಮಕ್ಕಳ ಡಬ್ಬಿ ಕಟ್ಟಿ ಬಂದವರು ಇನ್ನೇನು ಮಾಡಿಯಾರು? ನನ್ನ ಪಕ್ಕದ ಸೀಟು ಎಲ್ಲರಿಗಿಂತ ಹಿರಿಯ ಟೀಚರಿಗೆ ಮೀಸಲು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದವರು. "ತಮ್ಮಾ, ನಿನ್ನ ಗಾಡ್ಯಾಗ ಬರೋ ನಿದ್ದಿ ನನಗ ಮನ್ಯಾಗ ಬರಂಗಿಲ್ಲ ನೋಡು" ಎಂದು ಒಮ್ಮೆ ಅವರೇ ಹೇಳಿದ್ದರು. ಆ ಮಾತನ್ನು ನಾನು ಹೆಂಡತಿಯ ಮುಂದೆ ಹತ್ತು ಸಲವಾದರೂ ಹೇಳಿಕೊಂಡಿದ್ದೇನೆ.

ನನ್ನ ನಿದ್ದೆಯ ಬಗ್ಗೆಯೂ ಜಂಬವೇ. ತಲೆ ಇಟ್ಟರೆ ಸಾಕು, ಗೊರಕೆ. ಮೂರನೇ ಮನೆಗೆ ಕೇಳಿಸುತ್ತದೆ ಎಂದು ನೆರೆಯವರು ಚೇಷ್ಟೆ ಮಾಡುತ್ತಿದ್ದರು. ಗೊರಕೆ ಹೊಡೆಯುವವನು ಚಿಂತೆಯಿಲ್ಲದ ಪುಣ್ಯವಂತ ಎಂದೇ ನಮ್ಮಲ್ಲಿ ನಂಬಿಕೆ. ಹೆಂಡತಿ ತನ್ನ ಹಾಸಿಗೆಯನ್ನು ಮಗಳ ಕೋಣೆಗೆ ಒಯ್ದು ನಾಲ್ಕು ವರ್ಷವಾಗಿತ್ತು. ಇಷ್ಟು ಮಲಗಿಯೂ ಬೆಳಿಗ್ಗೆ ಏಳುವಾಗ ತಲೆ ಸಿಡಿಯುತ್ತಿತ್ತು, ಬಾಯಿ ಒಣಗಿರುತ್ತಿತ್ತು, ಸಣ್ಣ ಮಾತಿಗೂ ಮನೆಯವರ ಮೇಲೆ ಹರಿಹಾಯುತ್ತಿದ್ದೆ. ಬಿಪಿ ಮಾತ್ರೆ ಒಂದಿದ್ದದ್ದು ಎರಡಾಯಿತು. ರಾಯಚೂರಿನ ಬಿಸಿಲನ್ನು ಬೈದೆ. ಸಂಜೆಯ ಚಹಾ ಬಿಟ್ಟೆ. ಮಲಗುವಾಗ ಮೊಬೈಲು ನೋಡುವುದನ್ನು ಬಿಟ್ಟೆ. ಗೊರಕೆಯ ಮೇಲೆ ಮಾತ್ರ ನನಗೆ ಅನುಮಾನ ಬರಲಿಲ್ಲ.

ಹತ್ತಿ ಬಿಡಿಸುವ ದಿನಗಳವು. ಒಂದು ಬೆಳಿಗ್ಗೆ ದಾರಿಯ ಗಬ್ಬೂರಿನಲ್ಲಿ ಚಹಾ ಕುಡಿದು ಗಾಡಿ ಹತ್ತಿದ್ದು ನೆನಪಿದೆ. ಆಮೇಲಿನದು ನೆನಪಿಲ್ಲ. ಗಾಡಿ ಧಡಕ್ಕನೆ ಕುಲುಕಿದಾಗ ಕಣ್ಣು ಬಿಟ್ಟೆ. ಎಡಗಡೆಯ ಚಕ್ರಗಳು ಡಾಂಬರು ಬಿಟ್ಟು ಮಣ್ಣಿಗಿಳಿದಿದ್ದವು. ಎದುರಿಗೆ ಒಂದು ಜಾಲಿ ಗಿಡ, ಅದರಾಚೆ ತುಂಬಿ ಹರಿಯುತ್ತಿದ್ದ ಕಾಲುವೆ. ಸ್ಟೇರಿಂಗ್ ಹೇಗೆ ಎಳೆದೆನೋ, ಗಾಡಿ ರಸ್ತೆಗೆ ಬಂತು.

ಪಕ್ಕದ ಟೀಚರ್ ಕಣ್ಣು ಮುಚ್ಚಿಕೊಂಡೇ ಕೇಳಿದರು. "ಏನದು ತಮ್ಮಾ, ಹಂಪೇನು?"

"ಹೌದ್ರೀ ಟೀಚರ್, ಹಂಪ್."

ಅಲ್ಲಿ ಯಾವ ಹಂಪೂ ಇರಲಿಲ್ಲ. ಅವರು ನನ್ನ ಮಾತು ನಂಬಿ ಮತ್ತೆ ನಿದ್ದೆಗೆ ಜಾರಿದರು. ಕನ್ನಡಿಯಲ್ಲಿ ಹಿಂದಕ್ಕೆ ನೋಡಿದೆ. ಹತ್ತು ಮಂದಿಯೂ ಮಲಗಿದ್ದರು. ಅವರಲ್ಲಿ ಒಬ್ಬಾಕೆ ಏಳು ತಿಂಗಳ ಬಸುರಿ, ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡಿದ್ದಳು. ಗಾಡಿಯಲ್ಲಿ ಹನ್ನೆರಡು ಜನರಿದ್ದೆವು, ಒಬ್ಬರೂ ಎಚ್ಚರವಿರಲಿಲ್ಲ.

ಯಾರಿಗೂ ಹೇಳಲಿಲ್ಲ. ಹೇಳಿದರೆ ಗಾಡಿ ಹತ್ತುವವರು ಯಾರು? ಮರುದಿನದಿಂದ ಗಬ್ಬೂರು ಬಂದರೆ ಗಾಡಿಯ ವೇಗ ಇಳಿಸುತ್ತಿದ್ದೆ. ಹಸಿ ಮೆಣಸಿನಕಾಯಿ ಕಚ್ಚಿಕೊಂಡು ಓಡಿಸಿದೆ. ತಣ್ಣೀರು ಬಡಿದುಕೊಂಡೆ. ಕಣ್ಣು ರೆಪ್ಪೆ ಬಡಿದರೂ, ಇದು ಬರೀ ರೆಪ್ಪೆ ಬಡಿದದ್ದೋ ಮತ್ತೇನೋ ಎಂದು ಎದೆ ಹಾರುತ್ತಿತ್ತು. ಇಷ್ಟೆಲ್ಲ ಹೆದರಿಕೆಯ ನಡುವೆಯೂ ಎರಡು ತಿಂಗಳು ಅವರನ್ನು ಅದೇ ದಾರಿಯಲ್ಲಿ ಕರೆದೊಯ್ದೆನಲ್ಲ, ಅದಕ್ಕೆ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ.

ಬೇಸಿಗೆಯಲ್ಲಿ ಅತ್ತೆ ಮಾನ್ವಿಯಿಂದ ಬಂದರು. ಅತ್ತೆ ಅಳಿಯನ ಮುಂದೆ ನಿಂತು ಮಾತಾಡುವ ಪದ್ಧತಿ ಅವರ ಮನೆಯಲ್ಲಿಲ್ಲ. ಮದುವೆಯಾಗಿ ಇಪ್ಪತ್ತು ವರ್ಷವಾದರೂ ಸೆರಗು ತಲೆಯ ಮೇಲೆಳೆದುಕೊಂಡು, ಬಾಗಿಲ ಮರೆಯಿಂದ, ಏನಿದ್ದರೂ ತಮ್ಮ ಮಗಳಾದ ನನ್ನ ಹೆಂಡತಿಯ ಮೂಲಕವೇ ಹೇಳಿಸುವವರು. ಸೆಕೆಗೆ ಎಲ್ಲರೂ ಮಾಳಿಗೆಯ ಮೇಲೆ ಮಲಗಿದ್ದೆವು. ಬೆಳಿಗ್ಗೆ ನಾನು ಕೆಳಗಿಳಿದಾಗ ಅತ್ತೆ ಮೆಟ್ಟಿಲ ಬುಡದಲ್ಲಿ ನಿಂತಿದ್ದರು. ರಾತ್ರಿಯಿಡೀ ಮಲಗಿಲ್ಲವೆಂದು ಮುಖವೇ ಹೇಳುತ್ತಿತ್ತು. ಮಗಳನ್ನು ಕರೆಯಲಿಲ್ಲ, ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದರು.

"ರಾತ್ರಿ ನಿಮ್ಮ ಉಸುರು ನಿಂತಿತ್ರಿ. ಒಮ್ಮೆ ಅಲ್ಲ, ಭಾಳ ಸಲ. ನಿಮ್ಮ ಮಾವಗೂ ಹಿಂಗಾ ಆಗ್ತಿತ್ತು. ಗೊರಕಿ ಅಂತ ನಾ ಸುಮ್ನಿದ್ದೆ. ಒಂದಿನ ಮುಂಜಾನಿ ಎಬ್ಬಸಾಕ ಹೋದ್ರ ಏಳಲಿಲ್ಲ."

ಮಾವ ನಿದ್ದೆಯಲ್ಲೇ ಹೋದರು, ಎಂಥ ಸುಖದ ಸಾವು ಎಂದು ಮಾನ್ವಿಯಲ್ಲಿ ಎಲ್ಲರೂ ಕೊಂಡಾಡಿದ್ದರು. ನಾನೂ ಕೊಂಡಾಡಿದ್ದೆ.

ಅವತ್ತೇ ರಾಯಚೂರಿನ ಡಾಕ್ಟರ ಬಳಿ ಹೋದೆ, ಅತ್ತೆಯೂ ಜೊತೆಗೆ ಬಂದರು. ಒಂದು ರಾತ್ರಿ ಮೈಗೆಲ್ಲ ವೈರು ಅಂಟಿಸಿ ಮಲಗಿಸಿ ಪರೀಕ್ಷೆ ಮಾಡಿದರು. ಮಲಗಿದಾಗ ಗಂಟಲಿನ ದಾರಿ ಮುಚ್ಚಿಕೊಂಡು ಉಸಿರು ನಿಲ್ಲುತ್ತದೆ, ಮೈ ಗಾಬರಿಯಾಗಿ ಎಚ್ಚರಗೊಳ್ಳುತ್ತದೆ, ಅದು ನಿಮಗೇ ಗೊತ್ತಾಗುವುದಿಲ್ಲ ಎಂದರು ಡಾಕ್ಟರು. ನಾನು ಎಂಟು ತಾಸು ಮಲಗುತ್ತಿದ್ದೆನೇ ಹೊರತು ನಿದ್ದೆ ಮಾಡುತ್ತಿರಲಿಲ್ಲವಂತೆ. ಬಿಪಿ ಏರಿದ್ದಕ್ಕೂ ಅದೇ ಕಾರಣವಿರಬಹುದು, ಹೀಗೇ ಬಿಟ್ಟರೆ ಹೃದಯಕ್ಕೂ ಪೆಟ್ಟು ಎಂದರು. ಮೂಗಿಗೆ ಹಾಕಿಕೊಂಡು ಮಲಗುವ ಒಂದು ಮಷೀನು, ತೂಕ ಇಳಿಸುವುದು, ತಾವು ಹೇಳುವವರೆಗೆ ಗಾಡಿ ಮುಟ್ಟದಿರುವುದು, ಇವು ಅವರ ಕಟ್ಟಪ್ಪಣೆ. ಓಡಿಸುವಾಗ ಎಂದಾದರೂ ನಿದ್ದೆ ಹತ್ತಿದೆಯೇ ಎಂದು ಕೇಳಿದರು. ಇಲ್ಲ ಎನ್ನಲು ಬಾಯಿ ತೆರೆದೆ. ಬಾಗಿಲ ಬಳಿ ಸೆರಗು ಹೊದ್ದು ಅತ್ತೆ ನಿಂತಿದ್ದರು. ಹೌದು ಎಂದೆ.

ಮರುದಿನ ಬೇರೆ ಡ್ರೈವರನನ್ನು ಕರೆದುಕೊಂಡು ಟೀಚರುಗಳು ಹತ್ತುವಲ್ಲಿಗೆ ಹೋಗಿ ಎಲ್ಲವನ್ನೂ ಹೇಳಿದೆ, ಕಾಲುವೆಯನ್ನೂ ಬಿಡದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ. "ನಾ ಕೇಳಿದ್ದಕ್ಕ ಹಂಪ್ ಅಂದಿ ನೀ" ಎಂದರು ಹಿರಿಯ ಟೀಚರ್, ಅಷ್ಟೇ.

ಮೂರು ತಿಂಗಳ ಮೇಲೆ ಡಾಕ್ಟರು ಮತ್ತೆ ಪರೀಕ್ಷೆ ಮಾಡಿ ಓಡಿಸಬಹುದು ಎಂದರು. ತಲೆನೋವು ಹೋಗಿತ್ತು, ಹಗಲು ತೂಕಡಿಕೆ ಇರಲಿಲ್ಲ. ಬಸುರಿಯಾಗಿದ್ದಾಕೆ ಹೆರಿಗೆ ರಜೆಯಲ್ಲಿದ್ದಳು. ಉಳಿದ ಹತ್ತೂ ಮಂದಿ ಹತ್ತಿದರು, ಅದು ಅವರ ದೊಡ್ಡತನ. ಊರು ದಾಟಿತು, ಗಬ್ಬೂರು ದಾಟಿತು. ಕನ್ನಡಿಯಲ್ಲಿ ನೋಡಿದರೆ ಒಂದು ತಲೆಯೂ ವಾಲಿರಲಿಲ್ಲ. ಎಲ್ಲರ ಕಣ್ಣೂ ನನ್ನ ಕಣ್ಣ ಮೇಲೆ.

"ಎಲ್ಲಿ ಅದ ತಮ್ಮಾ, ಅವತ್ತಿನ ಜಾಗ?" ಎಂದರು ಹಿರಿಯ ಟೀಚರ್.

ಜಾಲಿ ಗಿಡ ತೋರಿಸಿದೆ. ಅವರು ಗಿಡ ನೋಡಿದರು, ಕಾಲುವೆ ನೋಡಿದರು, ಮುಂದಿನ ಹಿಡಿಕೆ ಹಿಡಿದುಕೊಂಡರು. ಈಗ ನನಗೆ ನಿದ್ದೆ ಸರಿಯಾಗಿದೆ, ನೀವು ನಿಶ್ಚಿಂತೆಯಿಂದ ಮಲಗಿ ಎಂದೆ.

"ಬರಂಗಿಲ್ಲ ತಮ್ಮಾ. ನೀ ನಡಸು" ಎಂದರು. ದೇವದುರ್ಗ ಬರುವತನಕ ಹಿಡಿಕೆ ಬಿಡಲಿಲ್ಲ.